ಚಿಟ್ಟೆಗಾಗಿ ಮಿಲ್ಕ್‌ವೀಡ್ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಿಲ್ಕ್‌ವೀಡ್ ಬೆಳೆಸುವುದು ಕಷ್ಟವೇನಲ್ಲ. ಬೆಳೆಸಿದ ಗಿಡವನ್ನು ಹುಳ ಮೇಯುತ್ತಿರುವಾಗ ಕೈಕಟ್ಟಿ ನೋಡುವುದು ಕಷ್ಟ. ಕೈತೋಟದಲ್ಲಿ ಹುಳ ಕಂಡರೆ ಓಡಿಸಿ ರೂಢಿ ನಮಗೆ. ಇಲ್ಲಿ ಹುಳಕ್ಕೋಸ್ಕರವೇ, ಅಂದರೆ ಮೊನಾರ್ಕ್ ಎಂಬ ಕಿತ್ತಳೆ ರೆಕ್ಕೆಯ ಚಿಟ್ಟೆ ಮತ್ತು ಅದರ ನೆಂಟರ ಮರಿಗಳಿಗೋಸ್ಕರ, ಗಿಡ ಹಾಕುತ್ತೇವೆ. ಇದೊಂದು ತಲೆಗೆ ಹೋದರೆ ಕೆಳಗಿನ ಅರ್ಧ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಆದರೂ ಹುಟ್ಟುತ್ತವೆ. ನನಗೂ ಹುಟ್ಟಿದ್ದವು.

ಮಿಲ್ಕ್‌ವೀಡ್ ಅಂದರೆ ಎಕ್ಕದ ಗಿಡವೇ?

ಅದೇ ಅಲ್ಲ, ಆದರೆ ಹತ್ತಿರದ ನೆಂಟ. ಎಲೆ ಮುರಿದರೆ ಬಿಳಿ ಹಾಲು ಜಿನುಗುತ್ತದೆ. ಕಾಯಿ ಬಿರಿದರೆ ರೇಷ್ಮೆ ಕುಚ್ಚು ಹೊತ್ತ ಬೀಜಗಳು ಗಾಳಿಗೆ ಹಾರುತ್ತವೆ. ಇಷ್ಟು ಎರಡರಲ್ಲೂ ಒಂದೇ. ಮಿಲ್ಕ್‌ವೀಡ್ ಎಂದು ಸಾಮಾನ್ಯವಾಗಿ ಕರೆಯುವುದು ಆಸ್ಕ್ಲೆಪಿಯಾಸ್ ಕುಲದ ಗಿಡಗಳನ್ನು. ಉತ್ತರ ಅಮೆರಿಕ ಅವುಗಳ ದೊಡ್ಡ ತವರು. ಕುಲಕ್ಕೆ ಗ್ರೀಕರ ವೈದ್ಯ ದೇವತೆಯ ಹೆಸರಿಟ್ಟವನು ಲಿನ್ನೇಯಸ್. ಅವನೇ ಅಮೆರಿಕದ ಸಾಮಾನ್ಯ ಮಿಲ್ಕ್‌ವೀಡ್ ಅನ್ನು ಸಿರಿಯಾದ್ದು ಅಂದುಕೊಂಡು 'ಸಿರಿಯಾಕಾ' ಎಂದು ಬರೆದುಬಿಟ್ಟ. ತಪ್ಪು ಹೆಸರು ಇವತ್ತಿಗೂ ಹಾಗೇ ಉಳಿದಿದೆ.

ಒಂದು ಎಚ್ಚರಿಕೆ: ಹಾಲು ಬರುವುದೆಲ್ಲ ಮಿಲ್ಕ್‌ವೀಡ್ ಅಲ್ಲ. ಕಳ್ಳಿಯಲ್ಲೂ ಹಾಲು ಬರುತ್ತದೆ. ಅದನ್ನು ಈ ಹುಳಗಳು ಮುಟ್ಟುವುದಿಲ್ಲ.

ಮಕರಂದ ಇರುವ ಯಾವ ಹೂಗಿಡವಾದರೂ ಸಾಕಲ್ವಾ?

ಚಿಟ್ಟೆಗೆ ಸಾಕು, ಅದರ ಮರಿಗೆ ಸಾಲದು. ರೆಕ್ಕೆ ಬಂದ ಚಿಟ್ಟೆ ಸಿಕ್ಕ ಹೂವಿನಲ್ಲೆಲ್ಲ ಮಕರಂದ ಕುಡಿಯುತ್ತದೆ. ಮೊನಾರ್ಕ್ ಚಿಟ್ಟೆಯ ಮರಿಹುಳ ಮಾತ್ರ ಮಿಲ್ಕ್‌ವೀಡ್ ಎಲೆಯನ್ನೇ ತಿಂದು ಬೆಳೆಯಬೇಕು. ತಾಯಿ ಚಿಟ್ಟೆ ಎಲೆಯ ಮೇಲೆ ಕೂತು ಕಾಲಿನಿಂದಲೇ ರುಚಿ ನೋಡುತ್ತದೆ. ಸರಿಯಾದ ಗಿಡ ಎಂದು ಖಾತ್ರಿಯಾದ ಮೇಲೆ ಮೊಟ್ಟೆ ಇಡುತ್ತದೆ.

ಇಷ್ಟೊಂದು ಹಟ ಯಾಕೆ ಅಂದರೆ, ಆ ಎಲೆಯಲ್ಲಿರುವ ವಿಷ. ಅದರ ಹೆಸರು ಕಾರ್ಡಿನೊಲೈಡ್. ಪ್ರಾಣಿಗಳ ಜೀವಕೋಶದಲ್ಲಿ ಸೋಡಿಯಂ, ಪೊಟ್ಯಾಸಿಯಂ ಸಾಗಿಸುವ ಒಂದು ಪಂಪ್ ಇರುತ್ತದೆ. ವಿಷ ಹೋಗಿ ಅದಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ, ಹೃದಯದ ಬಡಿತ ಕೆಡುತ್ತದೆ. ಮೊನಾರ್ಕ್‌ನ ಪಂಪ್ ಮಾತ್ರ ಸ್ವಲ್ಪ ಬೇರೆ ತರಹ. ವಿಷಕ್ಕೆ ಅಲ್ಲಿ ಸರಿಯಾಗಿ ಅಂಟಲು ಆಗುವುದಿಲ್ಲ. ಹುಳ ಆ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಅದು ಮೈಯಲ್ಲಿರುತ್ತದೆ. 1960ರ ದಶಕದಲ್ಲಿ ಲಿಂಕನ್ ಬ್ರೋವರ್ ಎಂಬ ವಿಜ್ಞಾನಿ ಬ್ಲೂ ಜೇ ಹಕ್ಕಿಗಳಿಗೆ ಇಂಥ ಮೊನಾರ್ಕ್ ತಿನ್ನಿಸಿ ನೋಡಿದರು. ಹಕ್ಕಿಗಳು ವಾಂತಿ ಮಾಡಿಕೊಂಡವು. ಆಮೇಲೆ ಆ ಕಿತ್ತಳೆ ರೆಕ್ಕೆ ಕಂಡರೆ ಸಾಕು, ದೂರ ಸರಿದವು.

ನಾವಿರುವ ಕಡೆ ಮೊನಾರ್ಕ್ ಬರುವುದಿಲ್ಲ. ಬೆಳೆಸಿ ಏನು ಲಾಭ?

ಮೊದಲು ನಿಮ್ಮಲ್ಲಿ ಯಾವ ಚಿಟ್ಟೆ ಇದೆ ನೋಡಿ. ಆಫ್ರಿಕಾ ಮತ್ತು ಏಷ್ಯಾದ ತುಂಬಾ ಕಡೆ ಪ್ಲೇನ್ ಟೈಗರ್ ಎಂಬ ಚಿಟ್ಟೆ ಹಾರುತ್ತದೆ. ಅದು ಮೊನಾರ್ಕ್‌ನ ದಾಯಾದಿ. ಅದರ ಮರಿ ಎಕ್ಕವನ್ನೂ ತಿನ್ನುತ್ತದೆ, ಮಿಲ್ಕ್‌ವೀಡ್ ಅನ್ನೂ ತಿನ್ನುತ್ತದೆ. ಮರಿಗಳನ್ನು ಗುರುತಿಸುವುದು ಸುಲಭ. ಎರಡಕ್ಕೂ ಕಪ್ಪು, ಬಿಳಿ, ಹಳದಿ ಪಟ್ಟೆ. ಮೊನಾರ್ಕ್ ಹುಳಕ್ಕೆ ಮೀಸೆಯಂಥ ಕಪ್ಪು ಎಳೆಗಳು ಎರಡು ಜೊತೆ, ಪ್ಲೇನ್ ಟೈಗರ್‌ಗೆ ಮೂರು ಜೊತೆ.

ನನ್ನ ಮಾತು ಕೇಳುವುದಾದರೆ, ಎಕ್ಕ ತಾನಾಗಿ ಬೆಳೆಯುವ ಕಡೆ ದೂರದಿಂದ ಮಿಲ್ಕ್‌ವೀಡ್ ಬೀಜ ತರಿಸುವ ಗೋಜು ಬೇಡ. ಬೇಲಿ ಪಕ್ಕದ ಎಕ್ಕವನ್ನು ಕಡಿಯದೆ ಬಿಟ್ಟರೆ ಅರ್ಧ ಕೆಲಸ ಆದ ಹಾಗೆ.

ಹಾಗಾದರೆ ಯಾವ ಜಾತಿ ಹಾಕಲಿ?

ನಿಮ್ಮ ನೆಲದಲ್ಲಿ ಮೊದಲಿಂದ ಇರುವ ಜಾತಿ. ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಅಲ್ಲಿಯ ಮಳೆ, ಚಳಿ, ಮಣ್ಣು ಅದಕ್ಕೆ ಗೊತ್ತು. ಚಿಟ್ಟೆ ಬರುವ ಹೊತ್ತಿಗೆ ಅದು ಚಿಗುರುತ್ತದೆ, ಚಿಟ್ಟೆ ಹೊರಡುವ ಹೊತ್ತಿಗೆ ಒಣಗುತ್ತದೆ.

ಉತ್ತರ ಅಮೆರಿಕದಲ್ಲಿ ತೋಟದವರು ಜಾಸ್ತಿ ಹಾಕುವುದು ಮೂರು. ಸಾಮಾನ್ಯ ಮಿಲ್ಕ್‌ವೀಡ್ ಗಟ್ಟಿ ಜೀವ, ಅಗಲ ಎಲೆ, ಗುಲಾಬಿ ಹೂವಿನ ಚೆಂಡು, ಒಳ್ಳೇ ಪರಿಮಳ. ಅದು ನೆಲದೊಳಗೆ ಬೇರಿನ ಮೂಲಕ ಹಬ್ಬುತ್ತದೆ. ಈ ವರ್ಷ ಇಲ್ಲಿ ನೆಟ್ಟರೆ ಮುಂದಿನ ವರ್ಷ ಮೂರು ಅಡಿ ಆಚೆ ತಲೆ ಎತ್ತುತ್ತದೆ. ಚಿಕ್ಕ ಪಾತಿಗೆ ಬೇಡ. ಸ್ವಾಂಪ್ ಮಿಲ್ಕ್‌ವೀಡ್ ಒಂದೇ ಪೊದೆಯಾಗಿ ನಿಲ್ಲುತ್ತದೆ, ತೇವ ಮಣ್ಣು ಇಷ್ಟ. ನೀರು ಸ್ವಲ್ಪ ನಿಂತರೂ ತಡೆದುಕೊಳ್ಳುತ್ತದೆ. ಮೂರನೆಯದು ಬಟರ್‌ಫ್ಲೈ ವೀಡ್. ಕಿತ್ತಳೆ ಹೂವು, ಕುಳ್ಳ ಗಿಡ, ನೀರು ಬಸಿದುಹೋಗುವ ಮಣ್ಣು, ಚೆನ್ನಾಗಿ ಬಿಸಿಲು. ಇದರಲ್ಲಿ ಬಿಳಿ ಹಾಲು ಬರುವುದಿಲ್ಲ, ನೀರಿನಂಥ ಸೊನೆ ಮಾತ್ರ. ತೋಟಕ್ಕೆ ಇದೇ ಚೆಂದ. ಆದರೆ ಮೊಟ್ಟೆ ಇಡಲು ಚಿಟ್ಟೆಗೆ ಮೊದಲಿನ ಎರಡೇ ಜಾಸ್ತಿ ಇಷ್ಟ. ಜಾಗವಿದ್ದರೆ ಎರಡು ಜಾತಿ ಸೇರಿಸಿ ಹಾಕಿ.

ಇನ್ನೊಂದು ವಿಚಾರ. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಮೊನಾರ್ಕ್‌ಗಳು ಚಳಿಗಾಲ ಕಳೆಯುವ ಮರಗಳಿವೆ. ಅವುಗಳ ಆಸುಪಾಸಿನಲ್ಲಿ ಮಿಲ್ಕ್‌ವೀಡ್ ನೆಡಲೇಬೇಡಿ ಎಂದು ಕೀಟಗಳ ರಕ್ಷಣೆಗೆ ದುಡಿಯುವ ಜರ್ಸೀಸ್ ಸೊಸೈಟಿ ಹೇಳುತ್ತದೆ. ಅಲ್ಲಿ ಚಳಿಗಾಲದಲ್ಲಿ ಚಿಟ್ಟೆ ಮೊಟ್ಟೆ ಇಡದೆ ವಿಶ್ರಾಂತಿಯಲ್ಲಿರಬೇಕು. ಅಂಥ ಕಡೆ ಹೂಗಿಡ ಮಾತ್ರ ಸಾಕು.

ಟ್ರಾಪಿಕಲ್ ಮಿಲ್ಕ್‌ವೀಡ್ ಕೆಟ್ಟದ್ದು ಅನ್ನುತ್ತಾರೆ. ನಿಜವೇ?

ಎಲ್ಲಿ ಬೆಳೆಸುತ್ತೀರಿ ಅನ್ನುವುದರ ಮೇಲಿದೆ. ಕೆಂಪು ಮತ್ತು ಹಳದಿ ಹೂವಿನ ಈ ಗಿಡ ಮೂಲತಃ ಅಮೆರಿಕ ಖಂಡದ ಬೆಚ್ಚನೆಯ ಭಾಗದ್ದು. ಈಗ ಉಷ್ಣ ಸೀಮೆಯ ಎಲ್ಲ ಕಡೆ ಇದೆ. ನರ್ಸರಿಯವರಿಗೆ ಇದು ಬಲು ಇಷ್ಟ, ಯಾಕೆಂದರೆ ಬೀಜ ಸುಲಭವಾಗಿ ಮೊಳೆಯುತ್ತದೆ, ಬೇಗ ಹೂ ಬಿಡುತ್ತದೆ. ಚಿಟ್ಟೆಗೂ ಇಷ್ಟವೇ.

ತೊಂದರೆ ಇರುವುದು ಅದು ಒಣಗದೇ ಇರುವುದರಲ್ಲಿ. ಮೊನಾರ್ಕ್‌ಗೆ ಓಈ ಎಂದು ಚಿಕ್ಕದಾಗಿ ಕರೆಯುವ ಒಂದು ಪರಾವಲಂಬಿ ಜೀವಿ ಅಂಟುತ್ತದೆ. ಅದು ತಗುಲಿದ ಚಿಟ್ಟೆಯ ಮೈಯಿಂದ ಕಣ್ಣಿಗೆ ಕಾಣದ ಬೀಜಕಗಳು ಎಲೆಯ ಮೇಲೆ, ಮೊಟ್ಟೆಯ ಮೇಲೆ ಉದುರುತ್ತವೆ. ಹುಳ ಎಲೆಯ ಜೊತೆ ಅದನ್ನೂ ತಿನ್ನುತ್ತದೆ. ಒಳಗೆ ಅದು ಹೆಚ್ಚುತ್ತದೆ. ಜಾಸ್ತಿ ತಗುಲಿದರೆ ಚಿಟ್ಟೆ ಕೋಶದಿಂದ ಹೊರಬರಲಾರದು, ಬಂದರೂ ರೆಕ್ಕೆ ಬಿಚ್ಚಲಾರದು. ಚಳಿ ದೇಶದ ಮಿಲ್ಕ್‌ವೀಡ್ ವರ್ಷಕ್ಕೊಮ್ಮೆ ಪೂರ್ತಿ ಒಣಗುವುದರಿಂದ ಹಳೇ ಎಲೆಯ ಜೊತೆ ಬೀಜಕಗಳೂ ಹೋಗುತ್ತವೆ. ಟ್ರಾಪಿಕಲ್ ಗಿಡ ಹಿಮ ಬೀಳದ ಕಡೆ ವರ್ಷವಿಡೀ ಹಸಿರು. ಅದೇ ಎಲೆಗೆ ಪೀಳಿಗೆ ಮೇಲೆ ಪೀಳಿಗೆ ಚಿಟ್ಟೆ ಬರುತ್ತಿರುತ್ತದೆ, ರೋಗ ಕೂಡುತ್ತಾ ಹೋಗುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೆಲವು ಮೊನಾರ್ಕ್‌ಗಳು ಚಳಿಗಾಲಕ್ಕೆ ದಕ್ಷಿಣಕ್ಕೆ ಹಾರುವ ವಲಸೆ ಬಿಟ್ಟು ಈ ಗಿಡದ ಸುತ್ತಲೇ ಚಳಿಗಾಲವೆಲ್ಲ ಮರಿ ಮಾಡುತ್ತಾ ಉಳಿದಿವೆ. ಅವುಗಳಲ್ಲಿ ಈ ರೋಗ ಹೆಚ್ಚು.

ಈಗಾಗಲೇ ಹಾಕಿದ್ದರೆ ಗಾಬರಿ ಬೇಡ. ಅಂಥ ಕಡೆ ಚಳಿಗಾಲಕ್ಕೆ ಮುಂಚೆ ಗಿಡವನ್ನು ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಚಿಗುರು ಬಂದರೆ ಮತ್ತೆ ಕತ್ತರಿಸಿ. ನಿಧಾನವಾಗಿ ಊರಿನ ಜಾತಿಗೆ ಬದಲಾಯಿಸಿ.

ಬೀಜ ಹಾಕಿ ತಿಂಗಳಾಯಿತು. ಒಂದೂ ಮೊಳೆತಿಲ್ಲ, ಯಾಕೆ?

ಬಹುಶಃ ಬೀಜಕ್ಕೆ ಚಳಿ ತಾಗಿಲ್ಲ. ಚಳಿ ದೇಶದ ಮಿಲ್ಕ್‌ವೀಡ್ ಬೀಜ ಒಂದು ಚಳಿಗಾಲ ಕಳೆಯಿತು ಎಂದು ಗೊತ್ತಾಗುವವರೆಗೂ ಏಳುವುದಿಲ್ಲ. ಎದ್ದರೆ ಹಿಮಕ್ಕೆ ಸಿಕ್ಕಿ ಸಾಯುತ್ತದಲ್ಲ, ಆ ಭಯ ಅದಕ್ಕೆ. ನಾವು ಅದನ್ನು ಮೋಸ ಮಾಡಬೇಕು. ಒದ್ದೆ ಮಾಡಿ ಹಿಂಡಿದ ಪೇಪರ್ ಟವೆಲ್‌ನಲ್ಲಿ ಬೀಜ ಸುತ್ತಿ. ಜಿಪ್ ಕವರ್‌ಗೆ ಹಾಕಿ 30ರಿಂದ 60 ದಿನ ಫ್ರಿಜ್‌ನಲ್ಲಿಡಿ. ಫ್ರೀಜರ್ ಅಲ್ಲ, ಕೆಳಗಿನ ಭಾಗ. ವಾರಕ್ಕೊಮ್ಮೆ ಬೂಸ್ಟು ಬಂದಿದೆಯೇ ನೋಡಿ. ಕವರ್ ಮೇಲೆ ತಾರೀಖು ಬರೆಯಿರಿ, ಇಲ್ಲದಿದ್ದರೆ ಮನೆಯವರು ಎಸೆಯುತ್ತಾರೆ. ಇದು ಅನುಭವದ ಮಾತು.

ಆಮೇಲೆ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ, ಮಣ್ಣು ಬೆಚ್ಚಗಿರಲಿ. ಎರಡು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಇಷ್ಟೆಲ್ಲ ಯಾರು ಮಾಡುತ್ತಾರೆ ಅಂದರೆ, ಚಳಿಗಾಲಕ್ಕೆ ಮುಂಚೆಯೇ ನೆಲದಲ್ಲಿ ಚೆಲ್ಲಿ ಸುಮ್ನೆ ಬಿಡಿ. ಚಳಿಯೇ ಆ ಕೆಲಸ ಮಾಡುತ್ತದೆ. ಟ್ರಾಪಿಕಲ್ ಮಿಲ್ಕ್‌ವೀಡ್‌ಗೆ ಈ ಶೀತದ ಉಪಚಾರ ಬೇಕಿಲ್ಲ.

ಮೊದಲ ವರ್ಷ ಹೂವು ಬರದಿದ್ದರೆ ಬೇಸರ ಬೇಡ. ಗಿಡ ಆಗ ಬೇರು ಇಳಿಸುತ್ತಿರುತ್ತದೆ. ಹುಳಕ್ಕೆ ಬೇಕಿರುವುದು ಎಲೆ ತಾನೇ.

ಚಳಿ ಮುಗಿದು ಬೇರೆಲ್ಲ ಚಿಗುರಿದೆ, ಮಿಲ್ಕ್‌ವೀಡ್ ಮಾತ್ರ ಇಲ್ಲ. ಸತ್ತುಹೋಯಿತೇ?

ಕಾಯಿರಿ. ಇದು ತಡವಾಗಿ ಏಳುವ ಗಿಡ, ಬಟರ್‌ಫ್ಲೈ ವೀಡ್ ಅಂತೂ ಇನ್ನೂ ಸೋಮಾರಿ. ಸತ್ತಿದೆ ಎಂದು ಅಗೆದು ಬೇರು ತುಂಡು ಮಾಡಿದವರು ಎಷ್ಟೋ ಜನ. ಜಾಗದಲ್ಲಿ ಒಂದು ಕಡ್ಡಿ ನೆಟ್ಟಿಡಿ.

ನರ್ಸರಿಯಿಂದ ಗಿಡ ತಂದೆ. ಹುಳಗಳು ಎರಡೇ ದಿನದಲ್ಲಿ ಸತ್ತವು. ಏನಾಯಿತು?

ನನಗೂ ಹೀಗೇ ಆಗಿದೆ. ಗಿಡ ನೋಡಲು ಬೊಂಬೆಯ ಹಾಗಿತ್ತು, ಒಂದು ಎಲೆಯಲ್ಲೂ ತೂತಿಲ್ಲ. ಈಗ ಅನ್ನಿಸುತ್ತದೆ, ಅದನ್ನು ನೋಡಿಯೇ ಅನುಮಾನ ಬರಬೇಕಿತ್ತು. ಎಷ್ಟೋ ಕಡೆ ಗಿಡಗಳಿಗೆ ನಿಯೋನಿಕೊಟಿನಾಯ್ಡ್ ಗುಂಪಿನ ಕೀಟನಾಶಕ ಕೊಟ್ಟಿರುತ್ತಾರೆ. ಬೇರು ಅದನ್ನು ಹೀರುತ್ತದೆ, ಎಲೆ, ಮಕರಂದ, ಪರಾಗ ಎಲ್ಲಕ್ಕೂ ಸೇರುತ್ತದೆ. ಮೇಲಿಂದ ತೊಳೆದರೆ ಹೋಗುವುದಿಲ್ಲ, ತಿಂಗಳುಗಟ್ಟಲೆ ಉಳಿಯಬಹುದು.

ಕೊಳ್ಳುವ ಮುಂಚೆ ನೇರವಾಗಿ ಕೇಳಿ: ಬೀಜಕ್ಕೋ, ಮಣ್ಣಿಗೋ, ಎಲೆಗೋ ಏನಾದರೂ ಔಷಧಿ ಹಾಕಿದ್ದೀರಾ? ಗೊತ್ತಿಲ್ಲ ಅಂದರೆ ಬಿಟ್ಟು ಬನ್ನಿ. ಹೇನು ಹತ್ತಿದ, ಎಲೆ ಕಚ್ಚಿದ ಗಿಡ ಕಂಡರೆ ನಾನು ಅದನ್ನೇ ಎತ್ತಿಕೊಳ್ಳುತ್ತೇನೆ.

ಬಿಟಿ ಎಂಬ ಕೀಟನಾಶಕ ಪುಡಿಯ ಬಗ್ಗೆಯೂ ಹೇಳಬೇಕು. ಸಾವಯವ ಎಂದು ಬರೆದಿರುತ್ತಾರೆ, ಸುಳ್ಳಲ್ಲ. ಆದರೆ ಅದರ ಒಂದು ಬಗೆ ಇರುವುದೇ ಮರಿಹುಳ ಕೊಲ್ಲಲು. ಎಲೆಕೋಸಿನ ಹುಳಕ್ಕೆ ಹೊಡೆದದ್ದು ಗಾಳಿಯಲ್ಲಿ ಪಕ್ಕದ ಮಿಲ್ಕ್‌ವೀಡ್‌ಗೂ ಬೀಳುತ್ತದೆ.

ಕುಂಡದಲ್ಲಿ ಬೆಳೆಸಬಹುದೇ?

ಬಹುದು. ಸ್ವಾಂಪ್ ಮಿಲ್ಕ್‌ವೀಡ್ ಒಳ್ಳೆಯ ಆಯ್ಕೆ, ನೀರು ಮಾತ್ರ ತಪ್ಪಿಸಬೇಡಿ. ಬಟರ್‌ಫ್ಲೈ ವೀಡ್‌ಗೆ ತಾಯಿಬೇರು ಉದ್ದ, ಆಳದ ಕುಂಡ ಬೇಕು. ಒಮ್ಮೆ ನೆಟ್ಟ ಮೇಲೆ ಜಾಗ ಬದಲಿಸಿದರೆ ಮುನಿಸಿಕೊಳ್ಳುತ್ತದೆ. ಸಾಮಾನ್ಯ ಮಿಲ್ಕ್‌ವೀಡ್ ಕುಂಡಕ್ಕೆ ಹೇಳಿದ್ದಲ್ಲ.

ಎಷ್ಟು ಗಿಡ ಬೇಕು?

ಒಂದಕ್ಕಿಂತ ಜಾಸ್ತಿ. ಒಂದು ಹುಳ ಎರಡು ವಾರದೊಳಗೆ ತನ್ನ ತೂಕವನ್ನು ಸುಮಾರು 2,000 ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಆ ತೂಕವೆಲ್ಲ ನಿಮ್ಮ ಗಿಡದಿಂದಲೇ ಬರಬೇಕು. ಮೊದಲ ಕೆಲವು ದಿನ ತಿಂದದ್ದೇ ಗೊತ್ತಾಗುವುದಿಲ್ಲ. ಕೊನೆಯ ಹಂತದಲ್ಲಿ ಬೆಳಿಗ್ಗೆ ಇದ್ದ ಎಲೆ ಸಂಜೆಗೆ ಇರುವುದಿಲ್ಲ. ಆರೇಳು ಗಿಡ ಒಟ್ಟಿಗೆ ಗುಂಪಾಗಿ ಹಾಕಿದರೆ ಚಿಟ್ಟೆಗೂ ಕಾಣುತ್ತದೆ, ಹುಳಕ್ಕೂ ಊಟ ಸಾಲುತ್ತದೆ.

ಎಲೆಯೆಲ್ಲ ಖಾಲಿ, ಬರೀ ಕಡ್ಡಿ ನಿಂತಿದೆ. ಗಿಡ ಬದುಕುತ್ತದೆಯೇ?

ಬದುಕುತ್ತದೆ, ಬೇರು ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ. ಅಭಿನಂದನೆಗಳು, ನೀವು ಹಾಕಿದ ಗಿಡ ಕೆಲಸಕ್ಕೆ ಬಂತು.

ಕೆಲವು ಎಲೆಗಳು ತೊಟ್ಟಿನ ಹತ್ತಿರ ಮುರಿದು ಜೋತಾಡುತ್ತಿವೆ. ರೋಗವೇ?

ಅದು ಹುಳದ ಜಾಣತನ. ವಿಷ ತಡೆದುಕೊಂಡರೂ ಹಾಲಿನ ಅಂಟು ಹುಳಕ್ಕೂ ಅಪಾಯ. ಆಗತಾನೇ ಹುಟ್ಟಿದ ಎಷ್ಟೋ ಮರಿಗಳು ಮೊದಲ ಕಚ್ಚಿಗೇ ಹಾಲಿನಲ್ಲಿ ಸಿಕ್ಕಿಹಾಕಿಕೊಂಡು ಸಾಯುತ್ತವೆ. ಹಾಗಾಗಿ ಚಿಕ್ಕ ಹುಳ ಎಲೆಯಲ್ಲಿ ಅರ್ಧಚಂದ್ರದ ಹಾಗೆ ಕಾಲುವೆ ಕೊರೆದು, ಹಾಲು ಬಸಿದ ಮೇಲೆ ಒಳಗಿನ ಭಾಗ ತಿನ್ನುತ್ತದೆ. ದೊಡ್ಡ ಹುಳ ತೊಟ್ಟಿನ ಹತ್ತಿರ ನಡುನರವನ್ನೇ ಕಡಿಯುತ್ತದೆ. ನಲ್ಲಿ ಬಂದ್ ಮಾಡಿದ ಹಾಗೆ. ಎಲೆ ಜೋಲುತ್ತದೆ, ಹುಳ ನೆಮ್ಮದಿಯಾಗಿ ಊಟಕ್ಕೆ ಕೂರುತ್ತದೆ. ಇಂಥ ಎಲೆ ಕಂಡರೆ ಅದರಡಿ ಇಣುಕಿ ನೋಡಿ.

ಕಾಂಡದ ತುದಿಗೆ ಹಳದಿ ಹೇನು ಮುತ್ತಿದೆ. ಏನು ಹೊಡೆಯಲಿ?

ಏನೂ ಹೊಡೆಯಬೇಡಿ. ಅದು ಕಣಗಿಲೆಗೂ ಹತ್ತುವ ಹೇನು. ಎಲ್ಲವೂ ಹೆಣ್ಣೇ, ಗಂಡಿನ ಹಂಗಿಲ್ಲದೆ ಮರಿ ಹಾಕುತ್ತವೆ, ಅದಕ್ಕೇ ಆ ವೇಗ. ನೋಡಲು ಅಸಹ್ಯ ಅನ್ನಿಸಿದರೂ ಬಲಿತ ಗಿಡವನ್ನು ಕೊಲ್ಲುವುದು ಕಡಿಮೆ. ಜಾಸ್ತಿಯಾದರೆ ಮೊದಲು ಮೊಟ್ಟೆ ಇದೆಯೇ ನೋಡಿ, ಆಮೇಲೆ ಪೈಪ್ ನೀರಿನಿಂದ ಹೊಡೆದು ಉದುರಿಸಿ. ಅಥವಾ ಬೆರಳಲ್ಲಿ ಒರೆಸಿ. ಸೋಪಿನ ನೀರು ಹೇನನ್ನು ಕೊಂದ ಹಾಗೆ ಮರಿಹುಳವನ್ನೂ ಕೊಲ್ಲಬಹುದು. ಸ್ವಲ್ಪ ದಿನ ತಾಳಿದರೆ ಹೇನು ತಿನ್ನಲು ಗುಲಗಂಜಿ ಹುಳಗಳು ಬರುತ್ತವೆ. ಅವು ಬಂದರೆ ಚಿಟ್ಟೆಯ ಮೊಟ್ಟೆಗಳನ್ನೂ ತಿನ್ನುತ್ತವೆ ಅನ್ನುವುದು ಬೇರೆ ಮಾತು. ಎಲ್ಲವನ್ನೂ ನಾವೇ ಸರಿಮಾಡಲು ಆಗುವುದಿಲ್ಲ.

ಕಾಯಿಯ ಮೇಲೆ ಕಿತ್ತಳೆ-ಕಪ್ಪು ತಿಗಣೆಯಂಥ ಹುಳ ಕಂಡರೆ ಅದು ಮಿಲ್ಕ್‌ವೀಡ್ ಬಗ್. ಬೀಜದ ರಸ ಹೀರುತ್ತದೆ, ಅಷ್ಟೇ.

ನಿನ್ನೆವರೆಗೂ ಇದ್ದ ದಪ್ಪ ಹುಳ ಇವತ್ತು ಕಾಣುತ್ತಿಲ್ಲ!

ಎರಡು ಸಾಧ್ಯತೆ. ಬೆಳವಣಿಗೆ ಮುಗಿದಿದ್ದರೆ ಅದು ಗಿಡ ಬಿಟ್ಟು ಹೊರಟಿದೆ. ಕೋಶ ಕಟ್ಟಲು ಮೀಟರುಗಟ್ಟಲೆ ದೂರ ಹೋಗುತ್ತದೆ. ಬೇಲಿ, ಕುರ್ಚಿಯ ಅಡಿ, ಕಿಟಕಿಯ ಮೇಲುಭಾಗ, ಪಕ್ಕದ ಗಿಡ ಹುಡುಕಿ. ತಲೆಕೆಳಗಾಗಿ ಇಂಗ್ಲಿಷಿನ ಜೆ ಅಕ್ಷರದ ಹಾಗೆ ನೇತಾಡುತ್ತಿರಬಹುದು. ಮಾರನೇ ದಿನ ಅಲ್ಲಿ ಚಿನ್ನದ ಚುಕ್ಕಿಯ ಹಸಿರು ಕೋಶ ಇರುತ್ತದೆ. ಅದು ಕಪ್ಪಾದರೆ ಹೆದರಬೇಡಿ. ಕೋಶ ಪಾರದರ್ಶಕವಾಗಿ ಒಳಗಿನ ಕಿತ್ತಳೆ ರೆಕ್ಕೆ ಕಂಡರೆ ಚಿಟ್ಟೆ ಒಂದು ದಿನದೊಳಗೆ ಹೊರಬರುತ್ತದೆ. ಮೊಟ್ಟೆಯಿಂದ ಚಿಟ್ಟೆಯವರೆಗೆ ಹೆಚ್ಚೂಕಡಿಮೆ ಒಂದು ತಿಂಗಳ ಲೆಕ್ಕ: ಮೊಟ್ಟೆ ನಾಲ್ಕು ದಿನ, ಹುಳ ಎರಡು ವಾರ, ಕೋಶ ಇನ್ನೆರಡು ವಾರದ ಹತ್ತಿರ. ಸೆಕೆ ಇದ್ದರೆ ಬೇಗ, ತಂಪಿದ್ದರೆ ನಿಧಾನ.

ಚಿಕ್ಕ ಹುಳ ಕಾಣೆಯಾಗಿದ್ದರೆ ಇನ್ನೊಂದು ಸಾಧ್ಯತೆ: ಇರುವೆ, ಜೇಡ ಅಥವಾ ಕಣಜ ತಿಂದಿದೆ. ಮೊನಾರ್ಕ್ ಒಂದೊಂದಾಗಿ ನೂರಾರು ಮೊಟ್ಟೆ ಇಡುವುದು ಅದಕ್ಕೇ. ಬಹುಪಾಲು ಚಿಟ್ಟೆಯಾಗುವುದಿಲ್ಲ.

ಹಾಗಾದರೆ ಹುಳಗಳನ್ನು ಮನೆಯೊಳಗೆ ಸಾಕಿದರೆ ಒಳ್ಳೆಯದಲ್ವಾ?

ಮಕ್ಕಳಿಗೆ ತೋರಿಸಲು ಒಂದೋ ಎರಡೋ ಸಾಕಿದರೆ ನನ್ನ ತಕರಾರಿಲ್ಲ. ನೂರಾರು ಸಾಕಿ ಬಿಡುವುದು ಬೇಡ. ಒಂದೇ ಡಬ್ಬಿಯಲ್ಲಿ ತುಂಬಿದರೆ ಒಂದರ ರೋಗ ಎಲ್ಲಕ್ಕೂ ಹರಡುತ್ತದೆ. ವಲಸೆಯ ಪ್ರಶ್ನೆಯೂ ಇದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಳಗೆ ಬೆಳೆಸಿದ ಮೊನಾರ್ಕ್‌ಗಳು ಪರೀಕ್ಷೆಯಲ್ಲಿ ದಕ್ಷಿಣ ದಿಕ್ಕು ಹಿಡಿಯಲಿಲ್ಲ. 2021ರ ಇನ್ನೊಂದರಲ್ಲಿ ಹೊರಗೆ ಬಿಟ್ಟ ಮೇಲೆ ಸರಿದಾರಿ ಕಂಡುಕೊಂಡವು. ಜಗಳ ಮುಗಿದಿಲ್ಲ. ಗಿಡ ಹೆಚ್ಚಿಸುವುದರಲ್ಲಿ ಮಾತ್ರ ಯಾರಿಗೂ ಜಗಳವಿಲ್ಲ.

ಮಕ್ಕಳು, ಸಾಕುಪ್ರಾಣಿಗಳು ಇರುವ ಮನೆಯಲ್ಲಿ ಅಪಾಯವೇ?

ಹುಷಾರಾಗಿರಬೇಕು. ಗಿಡದ ಎಲ್ಲ ಭಾಗವೂ ವಿಷ. ರುಚಿ ಕಹಿ, ಹಾಗಾಗಿ ಪ್ರಾಣಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೆ ಎಲ್ಲವನ್ನೂ ಅಗಿಯುವ ನಾಯಿಮರಿ ಇದ್ದರೆ ಬೇಲಿಯಾಚೆ ನೆಡಿ. ದನ, ಕುರಿ ಮೇಯುವ ಕಡೆ, ಹುಲ್ಲು ಕೊಯ್ಯುವ ಕಡೆ ಬೇಡವೇ ಬೇಡ.

ಎಲ್ಲಕ್ಕಿಂತ ಮುಖ್ಯ, ಕಣ್ಣು. ಸೊನೆ ಕಣ್ಣಿಗೆ ಬಿದ್ದರೆ ಮೊದಲು ಏನೂ ಅನ್ನಿಸದೆ, ಕೆಲವು ಗಂಟೆ ಬಿಟ್ಟು ದೃಷ್ಟಿ ಮಂಜಾಗಬಹುದು, ನೋವು ಬರಬಹುದು. ಕತ್ತರಿಸುವಾಗ ಗ್ಲೌಸ್ ಹಾಕಿ, ಕೈ ತೊಳೆಯದೆ ಕಣ್ಣುಜ್ಜಬೇಡಿ. ಬಿದ್ದರೆ ನೀರಿನಲ್ಲಿ ಚೆನ್ನಾಗಿ ತೊಳೆದು ಕಣ್ಣಿನ ಡಾಕ್ಟರಿಗೆ ತೋರಿಸಿ.

ಗಿಡ ಎರಡು ವರ್ಷದಿಂದ ಇದೆ, ಒಂದು ಮೊಟ್ಟೆಯೂ ಇಲ್ಲ. ತಪ್ಪು ಎಲ್ಲಿ?

ಮೊದಲು, ನಿಜವಾಗಿ ಇಲ್ಲವೇ ನೋಡಿ. ಮೊಟ್ಟೆ ಗುಂಡುಸೂಜಿಯ ತಲೆಯಷ್ಟು, ಕೆನೆ ಬಣ್ಣ, ಉದ್ದುದ್ದ ಗೀರು, ಹೆಚ್ಚಾಗಿ ಎಳೆ ಎಲೆಯ ಅಡಿಯಲ್ಲಿ ಒಂಟಿಯಾಗಿ ಇರುತ್ತದೆ. ಹಾಲಿನ ಹನಿ ಒಣಗಿ ಗಟ್ಟಿಯಾದರೂ ಹಾಗೇ ಕಾಣುತ್ತದೆ, ನಾನು ಒಂದು ವಾರ ಹಾಲಿನ ಹನಿಯನ್ನು ಕಾದು ಕೂತಿದ್ದೆ. ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲಿರಲಿ. ಪಕ್ಕದಲ್ಲಿ ಬೇರೆ ಬೇರೆ ಕಾಲಕ್ಕೆ ಅರಳುವ ಹೂಗಿಡ ಹಾಕಿ. ಬರೀ ತೊಟ್ಟಿಲು ಇಟ್ಟು ಅಡುಗೆಮನೆ ಇಲ್ಲದಿದ್ದರೆ ತಾಯಿ ನಿಲ್ಲುವುದಿಲ್ಲ. ಇಷ್ಟೂ ಇದ್ದರೆ ಉಳಿದದ್ದು ಚಿಟ್ಟೆಯ ಇಷ್ಟ.

ಒಂದೆರಡು ಗಿಡದಿಂದ ಏನಾಗುತ್ತದೆ?

ಲೆಕ್ಕ ನೋಡಿ. ಉತ್ತರ ಅಮೆರಿಕದ ಪೂರ್ವ ಭಾಗದ ಮೊನಾರ್ಕ್‌ಗಳು 4,000 ಕಿಲೋಮೀಟರಿಗೂ ಹೆಚ್ಚು ಹಾರಿ ಮಧ್ಯ ಮೆಕ್ಸಿಕೋದ ಒಯಾಮೆಲ್ ಮರಗಳ ಕಾಡು ಸೇರುತ್ತವೆ. ಆ ಜಾಗ ಹೊರಗಿನ ವಿಜ್ಞಾನಿಗಳಿಗೆ ಗೊತ್ತಾದದ್ದೇ 1975ರಲ್ಲಿ. ಅಲ್ಲಿ ತಲೆ ಎಣಿಸಲು ಆಗುವುದಿಲ್ಲ, ಚಿಟ್ಟೆ ಆವರಿಸಿದ ಕಾಡಿನ ಅಳತೆ ತೆಗೆಯುತ್ತಾರೆ. 1996-97ರ ಚಳಿಗಾಲದಲ್ಲಿ ಸುಮಾರು 18 ಹೆಕ್ಟೇರ್ ಇತ್ತು. 2013-14ರಲ್ಲಿ 0.67ಕ್ಕೆ ಇಳಿಯಿತು. 2024-25ರಲ್ಲಿ 1.79. ಹೊಲಗಳಲ್ಲಿ ಕಳೆನಾಶಕ ಹೊಡೆದು ಮಿಲ್ಕ್‌ವೀಡ್ ಮಾಯವಾದದ್ದು ಇದಕ್ಕೆ ಒಂದು ದೊಡ್ಡ ಕಾರಣ. ಮೆಕ್ಸಿಕೋದಿಂದ ಉತ್ತರಕ್ಕೆ ಮರಳುವ ದಾರಿಯನ್ನು ಒಂದೇ ಚಿಟ್ಟೆ ಮುಗಿಸುವುದಿಲ್ಲ. ತಾಯಿ ನಿಲ್ಲಿಸಿದ ಕಡೆಯಿಂದ ಮಗಳು, ಆಮೇಲೆ ಮೊಮ್ಮಗಳು. ಪ್ರತಿ ಪೀಳಿಗೆಗೂ ದಾರಿಯಲ್ಲಿ ಎಲೆ ಸಿಗಬೇಕು. ನಿಮ್ಮ ಎರಡು ಗಿಡ ಆ ದಾರಿಯಲ್ಲಿ ಒಂದು ಹೊತ್ತಿನ ಊಟ.

ಕಾಯಿ ಯಾವಾಗ ಕೀಳಬೇಕು?

ಕಾಯಿ ಬಣ್ಣ ತಿರುಗಿ, ನಡುಗೆರೆಯನ್ನು ಮೆಲ್ಲಗೆ ಒತ್ತಿದರೆ ಬಿರಿಯುವಾಗ. ಒಳಗೆ ಬೀಜ ಕಂದಾಗಿರಬೇಕು, ಬಿಳಿ ಇದ್ದರೆ ಇನ್ನೂ ಎಳಸು. ಕುಚ್ಚನ್ನು ತುದಿಯಲ್ಲಿ ಹಿಡಿದು ಬೀಜ ಜಾರಿಸಿಕೊಳ್ಳಿ. ಫ್ಯಾನ್ ಆರಿಸಿ ಮಾಡಿ! ಆ ಹತ್ತಿ ಎಷ್ಟು ಹಗುರ ಅಂದರೆ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಶಾಲಾ ಮಕ್ಕಳು ಚೀಲಗಟ್ಟಲೆ ಕಾಯಿ ಕಿತ್ತು ಕೊಟ್ಟಿದ್ದರು. ನೀರಲ್ಲಿ ತೇಲಿಸುವ ಜಾಕೆಟ್‌ಗೆ ತುಂಬಲು. ಎರಡು ಚೀಲ ಕಾಯಿಗೆ ಒಂದು ಜಾಕೆಟ್. ಎಲ್ಲ ಕಡೆ ಹರಡುವುದು ಬೇಡ ಅನ್ನುವವರು ಬಿರಿಯುವ ಮುಂಚೆ ಕಾಯಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಬಿಡಿ.